ಹತ್ತುವ ಗೇರು, ಇಳಿಯುವ ಗೇರು

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಕಾರಣ ಹೇಳಿದ್ರೆ ನಗ್ತೀರಿ. ಈ ವರ್ಷ ಮಾರ್ಚಿಂದ ಜೂನ್ ತನಕ ನನ್ನ ಶನಿವಾರ ಭಾನುವಾರಗಳೆಲ್ಲ ಒಂದು ಕಾರಿನ ಅಡಿಯಲ್ಲಿ ಕಳೆದುಹೋದವು. ಅಡಿಯಲ್ಲಿ ಅಂದ್ರೆ ನಿಜವಾಗಿಯೂ ಅಡಿಯಲ್ಲೇ, ಗರಾಜಿನ ನೆಲಕ್ಕೆ ರಟ್ಟು ಹಾಸಿ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರಿಸಿಕೊಂಡು...

ಮೊದಲು ಕಾರಿನ ಪರಿಚಯ ಮಾಡಿಸಿಬಿಡ್ತೀನಿ. 1992ರ ಮಜ್ದಾ ಮಿಯಾಟ. ಕೆಂಪು ಬಣ್ಣ, ಎರಡೇ ಸೀಟು, ಹಿಂದಕ್ಕೆ ಮಡಚುವ ಬಟ್ಟೆಯ ಟಾಪು, ಸ್ವಿಚ್ ಒತ್ತಿದ್ರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೇಳುವ ಹೆಡ್‌ಲೈಟು. 1989ರ ಫೆಬ್ರವರಿಯಲ್ಲಿ ಶಿಕಾಗೋದ ಆಟೋ ಶೋನಲ್ಲಿ ಮಜ್ದಾದವರು ಇದನ್ನ ಮೊದಲು ತೋರಿಸಿದ್ದು. 2016ರ ಹೊತ್ತಿಗೆ ಈ ಜಾತಿಯ ಕಾರುಗಳು ಹತ್ತು ಲಕ್ಷ ದಾಟಿದ್ದವು. ನನ್ನದು ಮೊದಲ ತಲೆಮಾರಿನದು, 1.6 ಲೀಟರ್ ಎಂಜಿನ್, 116 ಕುದುರೆ ಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದೇನೂ ಅಲ್ಲ. ಆದ್ರೆ ಕಾರಿನ ತೂಕ ಒಂದು ಟನ್ನಿಗೂ ಕಮ್ಮಿ ಇರೋದ್ರಿಂದ ಓಡಿಸೋಕೆ ಬಲು ಮಜಾ. ನನಗಿಂತ ಐದು ವರ್ಷ ದೊಡ್ಡದು, ಹಾಗಾಗಿ ಸ್ವಲ್ಪ ಮರ್ಯಾದೆ ಕೊಟ್ಟೇ ಮಾತಾಡಿಸ್ತೀನಿ :-)

ಇನ್ನು ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ. ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರು. ಎಂಟು ಸೆಮಿಸ್ಟರ್‌ನಲ್ಲಿ ಡಿಸ್ಕ್ ಬ್ರೇಕಿನ ಚಿತ್ರ ಅದೆಷ್ಟು ಸಲ ಬರೆದು ಮಾರ್ಕ್ಸ್ ತಗೊಂಡಿದ್ದೇನೋ, ಒಂದೇ ಒಂದು ಸಲ ಕೂಡ ಬಿಚ್ಚಿ ನೋಡಿರಲಿಲ್ಲ.

ಕತೆ ಶುರುವಾಗೋದು ಹೋದ ವರ್ಷದ ಸೆಪ್ಟೆಂಬರಿನಲ್ಲಿ. ನಾನಿರೋ ಡೆನ್ವರ್‌ನಿಂದ ಎರಡು ಗಂಟೆ ದಾರಿಯಲ್ಲಿ ಪೈಕ್ಸ್ ಪೀಕ್ ಅಂತ ಒಂದು ಬೆಟ್ಟ ಇದೆ. 14,115 ಅಡಿ ಎತ್ತರ. ನಮ್ಮ ಆಗುಂಬೆ ಎರಡು ಸಾವಿರ ಅಡಿ ಚಿಲ್ಲರೆ, ನೀವೇ ಲೆಕ್ಕ ಹಾಕಿ. ತುದಿಯವರೆಗೂ ರಸ್ತೆ ಇದೆ, 19 ಮೈಲಿ. 1916ರಲ್ಲಿ ಅಲ್ಲಿ ಕಾರ್ ರೇಸು ಶುರುವಾಯ್ತು. ಈಗಿನ ರೇಸಿನ ದಾರಿಯಲ್ಲಿ 156 ತಿರುವು. ನಮ್ಮಂಥವರು ಟೋಲ್ ಕಟ್ಟಿ ನಿಧಾನಕ್ಕೆ ಹೋಗಿಬರಬಹುದು. ನಾನೂ ನನ್ನ ರೂಮ್‌ಮೇಟೂ ಹೊರಟ್ವಿ. ಅವನು ಹುಬ್ಬಳ್ಳಿಯವನು. ಕಾರು ಅಂದ್ರೆ ಎ.ಸಿ. ಇರಬೇಕು, ಕಾಲು ಚಾಚೋಕೆ ಜಾಗ ಇರಬೇಕು ಅನ್ನೋ ಸಿದ್ಧಾಂತದವನು.

ಹತ್ತುವಾಗ ಎಂಜಿನ್ ಏದುಸಿರು ಬಿಡ್ತಿತ್ತು. ಅಷ್ಟು ಎತ್ತರದಲ್ಲಿ ಗಾಳಿ ತೆಳ್ಳಗಾಗಿ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿಬಿಡುತ್ತೆ. ನಾನು ಎಂಜಿನ್ ಬಗ್ಗೆ ತಲೆಬಿಸಿ ಮಾಡ್ಕೊಂಡು ಟೆಂಪರೇಚರ್ ಮುಳ್ಳನ್ನೇ ನೋಡ್ತಾ ಹತ್ತಿಸಿದೆ. ತುದಿ ತಲುಪಿ, ಅಲ್ಲಿನ ಪ್ರಸಿದ್ಧ ಡೋನಟ್ ತಿಂದು, ಫೋಟೋ ಹೊಡ್ಕೊಂಡು, ಇನ್ನೇನು ಇಳಿಯೋದೇ ತಾನೇ ಅಂತ ಮೂರನೇ ಗೇರಿಗೆ ಹಾಕಿ ಹಾಡು ಹೇಳ್ತಾ ಹೊರಟೆ. ಪ್ರತಿ ತಿರುವಿಗೂ ಬ್ರೇಕು. ನಾಲ್ಕೈದು ಮೈಲಿ ಇಳಿದಿರಬೇಕು.

"ಲೇ, ಏನೋ ಸುಟ್ಟ ವಾಸನಿ ಬರಾಕತ್ತೈತಲೇ" ಅಂದ ಇವನು.

ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಪೆಡಲ್ ಬೆಣ್ಣೆಯೊಳಗೆ ಇಳಿದ ಹಾಗೆ ಇಳೀತು. ಇನ್ನೊಂದು ಸಲ ಒತ್ತಿದೆ, ನೆಲ ಮುಟ್ಟಿತು.

ಆ ಮೂರ್ನಾಲ್ಕು ಸೆಕೆಂಡು ಹೇಗಿತ್ತು ಅಂತ ಬರೆಯೋಕೆ ಆಗಲ್ಲ. ರಸ್ತೆಯ ಆ ಅಂಚಿಗೆ ತಡೆಗೋಡೆ ಇರಲಿಲ್ಲ, ಅದಷ್ಟೇ ನೆನಪಿದೆ. ಪೆಡಲನ್ನ ಪಂಪ್ ಮಾಡ್ತಾ ಎರಡನೇ ಗೇರು, ಒಂದನೇ ಗೇರು ಅಂತ ಎಳೆದೆ. ಎಂಜಿನ್ ಚೀರಿತು. ಹ್ಯಾಂಡ್‌ಬ್ರೇಕ್ ಎತ್ತಿದೆ. ಅದು ಎಣ್ಣೆಯಲ್ಲ, ಕೇಬಲ್ಲಿನಲ್ಲಿ ಹಿಂದಿನ ಗಾಲಿ ಹಿಡಿಯುತ್ತೆ, ಹಾಗಾಗಿ ಕೆಲಸ ಮಾಡ್ತು. ಆಮೇಲೆ ನಡೆದು ಹೋಗೋ ವೇಗದಲ್ಲಿ ಗ್ಲೆನ್ ಕೋವ್ ಅನ್ನೋ ಜಾಗ ಮುಟ್ಟಿದ್ವಿ. ಬೇಸಿಗೆಯಲ್ಲಿ ಇಳಿಯೋ ಕಾರುಗಳನ್ನೆಲ್ಲ ಅಲ್ಲಿ ನಿಲ್ಲಿಸಿ, ರೇಂಜರುಗಳು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಬ್ರೇಕಿನ ಬಿಸಿ ನೋಡ್ತಾರೆ. 300 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಪಕ್ಕಕ್ಕೆ ಹಾಕಿಸಿ ತಣ್ಣಗಾಗೋವರೆಗೂ ಬಿಡಲ್ಲ. ನನ್ನದು 512 ತೋರಿಸ್ತು. ರೇಂಜರ್ ಹುಡುಗಿ ಬೈಯ್ಯಲಿಲ್ಲ, "ಯಾವ ಗೇರಲ್ಲಿ ಬಂದ್ರಿ?" ಅಂತ ಮಾತ್ರ ಕೇಳಿದ್ಲು. ನಾನು ಸುಳ್ಳು ಹೇಳಿದೆ.

ಒಂದು ಗಂಟೆ ಕೂತ್ವಿ. ತಣ್ಣಗಾದ ಮೇಲೆ ಪೆಡಲ್ ಒತ್ತಿ ನೋಡಿದ್ರೆ ಕಲ್ಲಿನ ಹಾಗೆ ಗಟ್ಟಿ! ಏನೂ ಆಗೇ ಇಲ್ಲ ಅನ್ನೋ ಥರ. ನಮ್ಮ ಆಫೀಸಲ್ಲಿ ಟೆಸ್ಟಿಂಗ್‌ನವರು ಹೇಳಿದ ಬಗ್ಗು ನಾವು ನೋಡೋಕೆ ಹೋದಾಗ ಮಾಯ ಆಗುತ್ತಲ್ಲ, ಹಾಗೆ.

ಮನೆಗೆ ಬಂದು ರಾತ್ರಿಯೆಲ್ಲ ಓದಿದೆ. ಆಗಿದ್ದು ಇಷ್ಟು. ಬ್ರೇಕ್ ಎಣ್ಣೆ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 3 ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ನನ್ನ ಕಾರಿನ ಎಣ್ಣೆ ಎಷ್ಟು ವರ್ಷದ್ದೋ ದೇವರಿಗೇ ಗೊತ್ತು. ಅದು ಕ್ಯಾಲಿಪರ್ ಒಳಗೆ ಕುದ್ದು ಆವಿಯಾಯ್ತು. ಎಣ್ಣೆಯನ್ನ ಒತ್ತಿದ್ರೆ ಪ್ಯಾಡು ಹಿಡಿಯುತ್ತೆ, ಆವಿಯನ್ನ ಒತ್ತಿದ್ರೆ ಆವಿ ಕುಗ್ಗುತ್ತೆ ಅಷ್ಟೇ. ತಣ್ಣಗಾದಾಗ ಆವಿ ಮತ್ತೆ ಎಣ್ಣೆಯಾಯ್ತು, ಪೆಡಲ್ ಮತ್ತೆ ಗಟ್ಟಿಯಾಯ್ತು.

ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಪೆನ್ನು ಹಿಡಿದು ಲೆಕ್ಕಾನೂ ಮಾಡಿದೆ. ಇಬ್ಬರು ಕೂತ ಕಾರು ಸುಮಾರು 1,100 ಕೆಜಿ, ತುದಿಯಿಂದ ಗ್ಲೆನ್ ಕೋವ್‌ಗೆ ಇಳಿದಿದ್ದು ಸುಮಾರು 800 ಮೀಟರು. ಅಷ್ಟು ಶಕ್ತಿ ಪೂರ್ತಿ ಶಾಖವಾದ್ರೆ 25 ಲೀಟರ್ ತಣ್ಣೀರನ್ನ ಕುದಿಸಬಹುದು. ಅಂದ್ರೆ ನಮ್ಮನೆ ಬಚ್ಚಲ ಹಂಡೆಯ ಅರ್ಧ! ಎಂಜಿನ್ನೂ ಗಾಳಿಯೂ ತಗೋಬೇಕಾದ ಪಾಲನ್ನೂ ಸೇರಿಸಿ ನಾನು ಆ ನಾಲ್ಕು ತಟ್ಟೆಗಳ ತಲೆ ಮೇಲೆ ಹೊರಿಸಿದ್ದೆ.

ಇಷ್ಟೆಲ್ಲ ಗೊತ್ತಾದ ಮೇಲೆ ಬುದ್ಧಿವಂತನಾದವನು ಏನು ಮಾಡಬೇಕು? ಹೊಸ ಎಣ್ಣೆ, ಒಳ್ಳೇ ಪ್ಯಾಡು ಹಾಕಿ ಸುಮ್ಮನಾಗಬೇಕು. ನಾನೇನು ಮಾಡಿದೆ? ಹೊಸ ವೀಲ್ ಕೊಂಡೆ!

ನಗಬೇಡಿ. ಆಗ ನನ್ನ ತರ್ಕ ಹೀಗಿತ್ತು: ದೊಡ್ಡ ಬ್ರೇಕ್ ಹಾಕ್ಬೇಕು, ದೊಡ್ಡ ಬ್ರೇಕಿಗೆ ದೊಡ್ಡ ವೀಲ್ ಬೇಕು. ಯಾರೋ ಒಬ್ಬರು ಹಳೇ 16 ಇಂಚಿನ ಅಲಾಯ್ ವೀಲ್‌ಗಳನ್ನ ಮಾರ್ತಿದ್ರು, ನೋಡೋಕೆ ಬಲು ಚಂದ. ತಂದು ಹಾಕಿ ಊರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಎತ್ತಿಗಿಂತ ಲಾಳ ದೊಡ್ಡದಾಯ್ತಲ್ಲ ಮಾರಾಯ" ಅಂದ್ರು. ಓಡಿಸಿದ ಮೇಲೆ ಅವರ ಮಾತೇ ಸರಿ ಅನ್ನಿಸ್ತು. ಒಂದೊಂದು ವೀಲೂ ಒಂಬತ್ತು ಕೆಜಿ ಮೇಲೆ ತೂಗ್ತಿತ್ತು. ಕಾರಿನ ಜೊತೆ ಬಂದ 14 ಇಂಚಿನವು ಒಂದೇ ಕೈಯಲ್ಲಿ ಎತ್ತಿ ಆಡಿಸೋ ಅಷ್ಟು ಹಗುರ. ಜಿಂಕೆ ಹಾಗಿದ್ದ ಕಾರು ಎಮ್ಮೆ ಆಯ್ತು. ತಿರುವಿನಲ್ಲಿ ಟಯರು ಫೆಂಡರಿಗೆ ತಾಗಿ ಕರ್ ಅಂತಿತ್ತು. ತಿಂಗಳೊಳಗೆ ನಷ್ಟಕ್ಕೆ ಮಾರಿದೆ.

ಅಪ್ಪನ ಬಗ್ಗೆ ಇಲ್ಲಿ ಯಾವತ್ತೂ ಬರೆದಿಲ್ಲ ಅಲ್ವಾ? ಅಪ್ಪ ಡ್ರೈವರ್. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗೋ ಮಿನಿ ಬಸ್ಸು ಓಡಿಸ್ತಿದ್ರು. ಹದಿನಾಲ್ಕು ಹೇರ್‌ಪಿನ್ ತಿರುವಿನ ಆ ಘಾಟಿಯಲ್ಲಿ ದೊಡ್ಡ ಬಸ್ಸು ತಿರುಗಲ್ಲ, ಅದಕ್ಕೇ ಮಿನಿ ಬಸ್ಸು. ದಿನಕ್ಕೆ ಎರಡು ಸಲ ಹತ್ತಿ ಎರಡು ಸಲ ಇಳಿಯೋದು. ಕಾಲೇಜಲ್ಲಿ ಯಾರಾದ್ರೂ ಕೇಳಿದ್ರೆ ನಾನು "ಟ್ರಾನ್ಸ್‌ಪೋರ್ಟ್ ಲೈನಲ್ಲಿದ್ದಾರೆ" ಅಂತಿದ್ದೆ. ಸುಳ್ಳೇನಲ್ಲ. ಆದ್ರೆ ಕೇಳಿದವರು ನಾಲ್ಕು ಲಾರಿ ಇರಬೇಕು ಅಂದ್ಕೊಂಡ್ರೆ ತಿದ್ದುತ್ತಾನೂ ಇರಲಿಲ್ಲ.

ಸರಿ, ಮಾರ್ಚಿನಲ್ಲಿ ನಿಜವಾದ ಕೆಲಸ ಶುರು ಮಾಡಿದೆ. 1.6 ಲೀಟರ್ ಮಿಯಾಟದ ಮುಂದಿನ ರೋಟರ್ 235 ಮಿಲಿಮೀಟರ್ ಅಗಲ, ಹಿಂದಿನದು 231. 1994ರಲ್ಲಿ 1.8 ಲೀಟರ್ ಎಂಜಿನ್ ಬಂದಾಗ ಮಜ್ದಾದವರು ಅದನ್ನ 255, 251 ಮಾಡಿದ್ರು. ಒಳ್ಳೇ ಸುದ್ದಿ ಏನಂದ್ರೆ ಬೋಲ್ಟಿನ ತೂತುಗಳು ಬದಲಾಗಲಿಲ್ಲ. ಗುಜರಿಯಲ್ಲಿ ಬಿದ್ದಿರೋ 1995ರ ಮಿಯಾಟದಿಂದ ಕ್ಯಾಲಿಪರು, ಬ್ರಾಕೆಟ್ಟು ಬಿಚ್ಕೊಂಡು ಬಂದು ಹಳೇದಕ್ಕೆ ಕೂರಿಸಬಹುದು. ರೋಟರ್, ಪ್ಯಾಡ್ ಹೊಸದು ಹಾಕಿದ್ರಾಯ್ತು. ಮುಂದಿಂದು ಮಾತ್ರ ಬದಲಾಯಿಸಿದ್ರೆ ಮುಂದಿನ ಗಾಲಿಗಳು ತಮ್ಮ ಪಾಲಿಗಿಂತ ಜಾಸ್ತಿ ಎಳೆದು ಹಿಂದಿನವು ಸುಮ್ಮನೆ ಕೂರ್ತವೆ, ಹಾಗಾಗಿ ನಾಲ್ಕನ್ನೂ ಮಾಡಬೇಕು. 2001ರಿಂದ ಕೆಲವು ಮಿಯಾಟಗಳಿಗೆ ಬಂದ ಇನ್ನೂ ದೊಡ್ಡ ಸ್ಪೋರ್ಟ್ ಬ್ರೇಕೂ ಇದೆ, ಆದ್ರೆ ಒಂದು ಸಲ ಲಾಳದ ಮಾತು ಕೇಳಿಸ್ಕೊಂಡಿದ್ದೆನಲ್ಲ, ಅಲ್ಲಿಗೆ ಹೋಗಲಿಲ್ಲ.

ಯೂಟ್ಯೂಬಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಯೋ ಕೆಲಸ ನನಗೆ ಇಪ್ಪತ್ತು ದಿನ ಹಿಡೀತು. ಡೆನ್ವರಿನ ಚಳಿಗಾಲದಲ್ಲಿ ರಸ್ತೆಗೆ ಹಾಕೋ ಉಪ್ಪು ಮೂವತ್ತು ವರ್ಷದಿಂದ ಆ ಬೋಲ್ಟುಗಳನ್ನ ತಿಂದಿತ್ತು. ಒಂದು ತುಂಡಾಯ್ತು. ಒಂದರ ತಲೆ ಸವೆದು ಗುಂಡಗಾಯ್ತು. ಬೆರಳ ಗೆಣ್ಣಿನ ಚರ್ಮ ಎಷ್ಟು ಸಲ ಕಿತ್ತು ಬಂತೋ, ಆಫೀಸಿನ ಮೀಟಿಂಗಿನಲ್ಲಿ ಕೈ ಮೇಜಿನ ಕೆಳಗೇ ಇಟ್ಕೊಳ್ತಿದ್ದೆ.

ಅದರಲ್ಲೂ ಹಿಂದಿನ ಕ್ಯಾಲಿಪರ್! ಹೊಸ ದಪ್ಪ ಪ್ಯಾಡ್ ಕೂರಬೇಕು ಅಂದ್ರೆ ಪಿಸ್ಟನ್ನನ್ನ ಒಳಕ್ಕೆ ತಳ್ಳಬೇಕು. ಮುಂದಿನದನ್ನ ಕ್ಲ್ಯಾಂಪ್ ಹಾಕಿ ತಿರುಗಿಸಿದ್ರೆ ಸಲೀಸಾಗಿ ಹೋಗುತ್ತೆ. ಹಿಂದಿನದು ಜಪ್ಪಯ್ಯ ಅಂದ್ರೂ ಅಲುಗಲಿಲ್ಲ. ಒಂದಿಡೀ ಶನಿವಾರ ಅದರ ಜೊತೆ ಗುದ್ದಾಡಿದೆ. ಆಮೇಲೆ ಗೊತ್ತಾಯ್ತು, ಹ್ಯಾಂಡ್‌ಬ್ರೇಕಿನ ಯಂತ್ರ ಅದರೊಳಗೇ ಇರೋದ್ರಿಂದ ಅದನ್ನ ಒತ್ತೋದಲ್ಲ, ತಿರುಗಿಸಬೇಕು. ಕ್ಯಾಲಿಪರ್ ಬೆನ್ನಲ್ಲಿ 14ರ ಪಾನಾ ಹಿಡಿಯೋ ಒಂದು ಮುಚ್ಚಳದ ಬೋಲ್ಟ್ ಇದೆ, ಅದನ್ನ ತೆಗೆದ್ರೆ ಒಳಗೆ 4 ಮಿಲಿಮೀಟರಿನ ಅಲೆನ್ ಕೀ ಹಿಡಿಯೋ ಸ್ಕ್ರೂ. ಅದನ್ನ ತಿರುಗಿಸಿದ್ರೆ ಪಿಸ್ಟನ್ ಆಜ್ಞಾಪಾಲಕನ ಹಾಗೆ ಒಳಗೆ ಹೋಗುತ್ತೆ. ಪ್ಯಾಡ್ ಹಾಕಿದ ಮೇಲೆ ಅದೇ ಸ್ಕ್ರೂವನ್ನ ಗಾಲಿ ಬಿಗಿಯಾಗೋವರೆಗೆ ತಿರುಗಿಸಿ, ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಈ ಮೂರನೇ ಒಂದು ಸುತ್ತನ್ನ ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ.

ಕೊನೆಗೆ ಎಣ್ಣೆ. ಹುಬ್ಬಳ್ಳಿಯವನನ್ನ ಸೀಟಲ್ಲಿ ಕೂರಿಸಿ "ಒತ್ತು... ಹಿಡ್ಕೋ... ಬಿಡು" ಅಂತ ನಾಲ್ಕೂ ಗಾಲಿಯಿಂದ ಹಳೇ ಎಣ್ಣೆ ತೆಗೆದೆ. ಮೊದಲು ದೂರದ ಹಿಂದಿನ ಬಲಗಾಲಿ, ಕೊನೆಗೆ ಹತ್ತಿರದ್ದು. ತಿಳಿ ಬಂಗಾರದ ಬಣ್ಣ ಇರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ ಹಾಗೆ ಬಂತು. "ಇದನ್ನ ನಂಬಿ ನನ್ನ ಗುಡ್ಡದ ಮ್ಯಾಲೆ ಕರ್ಕೊಂಡ್ ಹೋಗಿದ್ದೇನಲೇ" ಅಂತ ಅವನು ಬಾಟಲಿ ಎತ್ತಿ ಹಿಡಿದು ನೋಡಿದ. ಹೊಸದಾಗಿ ಹಾಕಿದ್ದು ಡಾಟ್ 4.

ವೀಲು ಈ ಸಲ 15 ಇಂಚು, ಹಗುರದ್ದು. ಟಯರು 195/50. ಅದರ ಹೊರ ಅಳತೆ ಹಳೇ 185/60ರ 14 ಇಂಚಿನ ಟಯರಿಗೆ ಎರಡು ಮಿಲಿಮೀಟರೂ ವ್ಯತ್ಯಾಸ ಇಲ್ಲ, ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳಲ್ಲ. ಹಾಕಿ ಹೈವೇಗೆ ಹೋದ್ರೆ 60 ಮೈಲಿಗೆ ಸ್ಟೇರಿಂಗ್ ಗಡಗಡ. ವೀಲಿನ ನಡುವಿನ ತೂತು ದೊಡ್ಡದು, ಮಿಯಾಟದ ಹಬ್ಬು 54.1 ಮಿಲಿಮೀಟರು. ನಡುವಿನ ಸಂದಿಗೆ ಒಂದು ಪ್ಲಾಸ್ಟಿಕ್ ಬಳೆ ಹಾಕ್ಬೇಕಿತ್ತಂತೆ. ಸಾವಿರಾರು ಡಾಲರ್ ಸುರಿದ ಮೇಲೆ ಕಾರು ನಡುಗೋದು ನಿಂತಿದ್ದು ಕೆಲವೇ ಡಾಲರಿನ ಬಳೆಯಿಂದ.

ಒಂದು ಮಾತು ಹೇಳ್ಬೇಕು, ನಿಮ್ಮಲ್ಲಿ ಯಾರಾದ್ರೂ ಇಂಥ ಹುಚ್ಚಿಗೆ ಬಿದ್ರೆ ಉಪಯೋಗ ಆಗಬಹುದು. ದೊಡ್ಡ ರೋಟರ್ ಹಾಕಿದ ಮಾತ್ರಕ್ಕೆ ಕಾರು ಬೇಗ ನಿಲ್ಲಲ್ಲ. ನನ್ನ ಕಾರಿಗೆ ಎ.ಬಿ.ಎಸ್. ಇಲ್ಲ, ಹಳೇ ಚಿಕ್ಕ ಬ್ರೇಕೂ ಜೋರಾಗಿ ತುಳಿದ್ರೆ ಗಾಲಿಯನ್ನ ಲಾಕ್ ಮಾಡ್ತಿತ್ತು. ಗಾಲಿ ಲಾಕ್ ಆದಮೇಲೆ ಉಳಿದಿದ್ದೆಲ್ಲ ಟಯರಿಗೂ ರಸ್ತೆಗೂ ಬಿಟ್ಟ ವಿಷಯ. ದೊಡ್ಡ ರೋಟರ್ ಕೊಡೋದು ಬಿಸಿ ಹಿಡಿದಿಟ್ಕೊಳ್ಳೋಕೆ ಜಾಸ್ತಿ ಕಬ್ಬಿಣ, ಅಷ್ಟೇ. ಒಂದು ಸಲ ನಿಲ್ಲಿಸೋಕಲ್ಲ, ಇಪ್ಪತ್ತನೇ ಸಲ ನಿಲ್ಲಿಸೋಕೆ.

ಜುಲೈಯಲ್ಲಿ ಅಪ್ಪ ಅಮ್ಮ ಬಂದ್ರು. ಮೊದಲ ಸಲ ವಿಮಾನ, ಮೊದಲ ಸಲ ಅಮೆರಿಕ. ಅಪ್ಪ ಮಾರನೇ ದಿನ ಬೆಳಿಗ್ಗೆ ಐದಕ್ಕೇ ಎದ್ದು ಗರಾಜಿನಲ್ಲಿದ್ರು. ನಾನು ಹೋಗೋವಷ್ಟರಲ್ಲಿ ಕಾರಿಗೆ ಎರಡು ಸುತ್ತು ಬಂದು, ಬಗ್ಗಿ ಅಡಿಗೆ ನೋಡ್ತಿದ್ರು. ಹೊಳೆಯೋ ವೀಲಿನ ಬಗ್ಗೆ ಒಂದು ಮಾತಿಲ್ಲ. "ಬ್ರೇಕ್ ಎಣ್ಣೆ ಯಾವಾಗ ಬದ್ಲಾಯ್ಸಿದ್ದು?" ಅಂದ್ರು. ಮೇನಲ್ಲಿ ಅಂದೆ. "ಹಂಗಾರೆ ಅಡ್ಡಿಲ್ಲ" ಅಂತ ಬಾನೆಟ್ ಮೇಲಿನ ಹೆಸರು ಓದಿ, "ನಾನೂ ಕೊನೇ ಏಳು ವರ್ಷ ಸ್ವರಾಜ್ ಮಜ್ದಾ ಓಡ್ಸಿದ್ದು. ಇದು ಅದರ ತಮ್ಮನಾ ಹಂಗಾದ್ರೆ?" ಅಂತ ನಕ್ರು.

ಕಾರಲ್ಲಿ ಎರಡೇ ಸೀಟು ಇರೋದ್ರಿಂದ ಅಮ್ಮನನ್ನ ಬೆಟ್ಟದ ಬುಡದ ಕೊಲರಾಡೋ ಸ್ಪ್ರಿಂಗ್ಸಿನಲ್ಲಿ ಒಬ್ಬ ಕನ್ನಡದ ಗೆಳೆಯನ ಮನೆಯಲ್ಲಿ ಬಿಡೋದು, ನಾವಿಬ್ಬರೂ ಪೈಕ್ಸ್ ಪೀಕ್ ಹತ್ತೋದು ಅಂತಾಯ್ತು. ರೂಮ್‌ಮೇಟ್ ತನ್ನ ಕಾರಲ್ಲಿ ಅಮ್ಮನನ್ನ ತಲುಪಿಸಿದ. ಬೆಟ್ಟಕ್ಕೆ ಬರ್ತೀಯೇನೋ ಅಂದ್ರೆ ಕೈ ಮುಗಿದ.

ತುದಿಯಲ್ಲಿ ಅಪ್ಪ ಡೋನಟ್ ತಿಂದು "ವಡೆಗೆ ಸಕ್ಕರೆ ಹಾಕಿ ಹಾಳು ಮಾಡಿದಾರೆ" ಅಂದ್ರು. ಇಳಿಯೋಕೆ ಹೊರಟಾಗ ನಾನು ಕೇಳೋ ಮೊದಲೇ, "ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳೀಬೇಕು. ಎರಡಕ್ಕೆ ಹಾಕು" ಅಂದ್ರು. ಹಾಕಿದೆ. ಎಂಜಿನ್ನೇ ಕಾರನ್ನ ಹಿಡ್ಕೊಂಡು ಇಳಿಸ್ತಿತ್ತು, ನನ್ನ ಕಾಲಿಗೆ ಕೆಲಸವೇ ಇಲ್ಲ. ಆಗ ಹೋದ ವರ್ಷದ ಕತೆ ಬಾಯಿಬಿಟ್ಟೆ. ಅಲ್ಲಿಯವರೆಗೆ ಮನೆಯಲ್ಲಿ ಹೇಳಿರಲಿಲ್ಲ. ಬೈಗುಳ ಕಾಯ್ತಿದ್ದೆ.

ಎರಡು ತಿರುವು ಅಪ್ಪ ಮಾತಾಡ್ಲಿಲ್ಲ. ಆಮೇಲೆ, "ನಂಗೂ ಒಂದ್ಸಲ ಹೋಗಿತ್ತು" ಅಂದ್ರು.

"ಎಂತ?"

"ಬ್ರೇಕು. ನೀನು ಒಂದನೇ ಕ್ಲಾಸು. 2003ನೇ ಇಸವಿ ಮಳೆಗಾಲ. ಏಳನೇ ತಿರುವಿನ ಹತ್ರ ಪೆಡಲ್ ನೆಲಕ್ಕೆ ಹೋಯ್ತು. ಬಸ್ಸಲ್ಲಿ ಮೂವತ್ನಾಲ್ಕು ಜನ. ಮಣಿಪಾಲಕ್ಕೆ ಹೊರಟ ಒಬ್ಳು ಬಸುರಿ ಹುಡುಗಿ ನನ್ನ ಹಿಂದಿನ ಸೀಟಲ್ಲೇ ಕೂತಿದ್ಲು. ಒಂದು ಕಡೆ ಪ್ರಪಾತ, ಒಂದು ಕಡೆ ಧರೆ. ಗೇರ್ ಇಳಿಸಿ, ಬಸ್ಸನ್ನ ಧರೆಗೆ ಒರೆಸ್ತಾ ಹೋದೆ. ಚರಂಡಿಗೆ ಗಾಲಿ ಸಿಕ್ಕಿ ನಿಲ್ತು. ಯಾರಿಗೂ ಎಂತ ಆಗ್ಲಿಲ್ಲ."

"ಹೇಳೇ ಇಲ್ಲ ನೀವು!"

"ಎಂತ ಹೇಳೋದು? ಬ್ರೇಕ್ ಸರಿ ಇಲ್ಲ ಅಂತ ಧಣಿಗೆ ಮೂರು ಸಲ ಹೇಳಿದ್ದೆ. ಮಳೆಗಾಲ ಮುಗೀಲಿ ಅಂದಿದ್ರು. ನಾನು ಓಡ್ಸಲ್ಲ ಅಂದಿದ್ರೆ ಮಾರನೇ ದಿನ ಬೇರೆಯವ್ನು ಓಡಿಸ್ತಿದ್ದ. ಗೊತ್ತಿದ್ದೂ ಓಡ್ಸಿದ್ದು ನಾನೇ ಅಲ್ವ."

ನನಗೆ ಆ ರಾತ್ರಿಯ ನೆನಪಿದೆ. ಅಪ್ಪ ತಡವಾಗಿ ಬಂದು ಬಚ್ಚಲಿಗೆ ಹೋದವರು ಹೊರಗೇ ಬರಲಿಲ್ಲ. ಅಮ್ಮ ಒಲೆಗೆ ಸೌದೆ ಒಟ್ಟುತ್ತಲೇ ಇದ್ದಳು, ಒಳಗೆ ಚೊಂಬಿನ ಸದ್ದು ಕೇಳ್ತಾನೇ ಇತ್ತು. ಊಟಕ್ಕೆ ಕಾದು ನಾನು ಮಲಗಿಬಿಟ್ಟಿದ್ದೆ. ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಅಪ್ಪ ಎಂದಿನ ಹಾಗೆ ಡ್ಯೂಟಿಗೆ ಹೋಗಿದ್ರು. ನಾನು ಟ್ರಾನ್ಸ್‌ಪೋರ್ಟ್ ಲೈನು ಅಂತ ಹೇಳ್ಕೊಂಡು ತಿರುಗಿದ್ದು ಈ ಮನುಷ್ಯನ ಬಗ್ಗೆ.

ಗ್ಲೆನ್ ಕೋವ್ ಬಂತು. ರೇಂಜರ್ ಮುಂದಿನ ಗಾಲಿಗೆ ಥರ್ಮಾಮೀಟರ್ ಹಿಡಿದು "ನೂರ ಎಂಬತ್ತೆರಡು, ತುಂಬಾ ಚೆನ್ನಾಗಿದೆ! ಯಾವ ಗೇರು?" ಅಂದ. ನಾನು ಬಾಯಿ ತೆರೆಯೋ ಮುಂಚೆ ಪಕ್ಕದ ಸೀಟಿನಿಂದ ಎರಡು ಬೆರಳು ಮೇಲೆದ್ದವು.

ಹೋಗಬಹುದು ಅಂತ ಅವನು ಕೈ ಮಾಡಿದ್ರೂ ಅಪ್ಪ "ಸ್ವಲ್ಪ ಪಕ್ಕಕ್ಕೆ ಹಾಕು" ಅಂದ್ರು. ಇಳಿದು, ಒಂದೊಂದೇ ಗಾಲಿಯ ಮುಂದೆ ಕೂತು, ಮುಟ್ಟದೆ, ಅಂಗೈಯನ್ನ ವೀಲಿನ ಹತ್ತಿರ ಹಿಡಿದು ನೋಡ್ತಾ ಬಂದ್ರು. ಘಾಟಿ ಇಳಿದು ಸೋಮೇಶ್ವರದಲ್ಲಿ ಬಸ್ ನಿಲ್ಲಿಸಿದಾಗ ದಿನಾ ಹೀಗೇ ಮಾಡ್ತಿದ್ರು, ಚಿಕ್ಕವನಿದ್ದಾಗ ನೋಡಿದ್ದೆ. ಬಿಸಿಗೆ ಚಳಿ ಕಾಯಿಸ್ಕೊಳ್ತಾರೆ ಅಂತ ಅಂದ್ಕೊಂಡಿದ್ದೆ.

ಹಿಂದಿನ ಎಡಗಾಲಿಯ ಹತ್ತಿರ ಕೈ ತುಸು ಹೊತ್ತು ನಿಂತಿತು.

"ಇದು ಉಳಿದವಕ್ಕಿಂತ ಬಿಸಿ ಇದೆ. ನೀನು ಬ್ರೇಕ್ ಒತ್ತದೆ ಇದ್ರೂ ಇದು ಹಿಡೀತಾ ಇದೆ. ಹ್ಯಾಂಡ್‌ಬ್ರೇಕ್ ಸಡಿಲ ಬಿಟ್ಟಿಲ್ಲ ನೀನು."

ಮೂರನೇ ಒಂದು ಸುತ್ತು! ಆ ಗಾಲಿ ಮಾಡುವಾಗ ಮಧ್ಯೆ ಆಫೀಸಿಂದ ಫೋನ್ ಬಂದಿತ್ತು. ಬಿಗಿ ಮಾಡಿದ್ದೆ, ಹಿಂದಕ್ಕೆ ಬಿಡೋದು ಮರೆತಿದ್ದೆ. ಎರಡು ತಿಂಗಳು ಹಾಗೇ ಓಡಿಸಿದ್ದೆ.

ಮಾರನೇ ದಿನ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಕಾರು ಜಾಕಿ ಮೇಲಿತ್ತು, ಕೆಳಗೆ ಸ್ಟ್ಯಾಂಡೂ ಕೊಟ್ಟಿತ್ತು. ರಟ್ಟಿನ ಮೇಲೆ ಅಪ್ಪನ ಕಾಲು ಮಾತ್ರ ಕಾಣ್ತಿತ್ತು. "ಹೊಸ ಪ್ಯಾಂಟು ರೀ ಅದು, ನೆಂಟರ ಮನೆಗೆ ಹಾಕೋಕೆ ಅಂತ ತಂದಿದ್ದು!" ಅಂತ ಅಮ್ಮ ಬಾಗಿಲಲ್ಲಿ ಕೂಗ್ತಿದ್ದಳು. ಕಾರಿನ ಅಡಿಯಿಂದ ಒಂದು ಕೈ ಹೊರಗೆ ಬಂತು.

"ಆ ನಾಲ್ಕರ ಅಲೆನ್ ಕೀ ಎಲ್ಲಿಟ್ಟಿದೀಯ ಮಾರಾಯ? ಕೊಡು ಇಲ್ಲಿ."